ಹನ್ನೆರಡು ಹಳೆಯ ಕಂಪ್ಯೂಟರ್‌ಗಳಲ್ಲಿ ಪಿಯುಸಿ ರಸಾಯನಶಾಸ್ತ್ರ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಹನ್ನೆರಡು ಹಳೆಯ ಕಂಪ್ಯೂಟರ್‌ಗಳೂ ಒಂದು ಪ್ರೊಜೆಕ್ಟರೂ ಇವೆ. ಇಂಟರ್‌ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಲ್ಯಾಬಿಗೆ ಒಂದು ಬ್ಯಾಚಿನಲ್ಲಿ ಇಪ್ಪತ್ತೆರಡು ಮಕ್ಕಳು ಬರುತ್ತಾರೆ. ಇಷ್ಟು ದಿನ ವಿಡಿಯೊ, ಅನಿಮೇಶನ್ ತೋರಿಸಿದ್ದಾಯಿತು. ಮಕ್ಕಳು ಖುಷಿಯಿಂದ ನೋಡುತ್ತಾರೆ, ಮರುದಿನ ಕೇಳಿದರೆ ಉತ್ತರವಿಲ್ಲ. ದುಡ್ಡು ಖರ್ಚಾಗದ ಹಾಗೆ, ಪರೀಕ್ಷೆಯ ಸಿಲೆಬಸ್ ಬಿಟ್ಟು ಆಚೀಚೆ ಹೋಗದ ಹಾಗೆ ಈ ಯಂತ್ರಗಳನ್ನು ನಿಜವಾಗಿ ಕಲಿಕೆಗೆ ಬಳಸುವುದು ಹೇಗೆ?

ಉತ್ತರ:

ಪ್ರೊಜೆಕ್ಟರನ್ನು ಸದ್ಯಕ್ಕೆ ಬದಿಗಿಡಿ. ವಿಡಿಯೊದಲ್ಲಿ ಎಲ್ಲವನ್ನೂ ಯಂತ್ರವೇ ಮಾಡಿ ಮುಗಿಸುತ್ತದೆ, ಮಕ್ಕಳಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಮನಸ್ಸಿನಲ್ಲಿ ಏನೂ ನಿಲ್ಲದಿರುವುದು ಅದಕ್ಕೇ. ಕಂಪ್ಯೂಟರ್ ಅವರ ಕೈಗೆ ಬರಬೇಕು. ಅದರಲ್ಲಿ ಮೊದಲು ಅವರು ಕಾಣಬೇಕಾದದ್ದು ತಾವೇ ಹಾಕಿದ ಲೆಕ್ಕ, ತಾವೇ ಲ್ಯಾಬಿನಲ್ಲಿ ತೆಗೆದ ರೀಡಿಂಗು. ಪ್ರನಾಳದಲ್ಲಿ ಕಣ್ಣಿಗೆ ಕಾಣುವುದನ್ನು ಪರದೆಯ ಮೇಲೆ ಮತ್ತೊಮ್ಮೆ ತೋರಿಸಿ ಲಾಭವಿಲ್ಲ. ಪ್ರನಾಳ ತೋರಿಸಲಾಗದ ಎರಡು ಸಂಗತಿಗಳಿವೆ. ಒಂದು, ಒಂದೊಂದು ಹನಿಗೂ ದ್ರಾವಣದಲ್ಲಿ ನಡೆಯುವ ಲೆಕ್ಕ. ಇನ್ನೊಂದು, ಅಣುವಿನ ಆಕಾರ. ಈ ಎರಡಕ್ಕೂ ನಿಮ್ಮ ಹನ್ನೆರಡು ಯಂತ್ರಗಳು ಧಾರಾಳವಾಗಿ ಸಾಕು.

ಎಲ್ಲಕ್ಕಿಂತ ಮೊದಲು ಸ್ಪ್ರೆಡ್‌ಶೀಟ್. ಅಣುಗಳ ಬಣ್ಣಬಣ್ಣದ ತಂತ್ರಾಂಶ ಕಂಡರೆ ಮೇಷ್ಟ್ರಿಗೂ ಮಕ್ಕಳಿಗೂ ಆಸೆಯಾಗುತ್ತದೆ, ಆದರೆ ರಸಾಯನಶಾಸ್ತ್ರದ ತರಗತಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಸಾದಾ ಲಿಬ್ರೆಆಫೀಸ್ ಕ್ಯಾಲ್ಕ್. ಅದು ಉಚಿತ, ಇಂಟರ್‌ನೆಟ್ ಬೇಡ, 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ. ಆಮ್ಲ–ಪ್ರತ್ಯಾಮ್ಲ ಟೈಟ್ರೇಶನ್‌ನಿಂದ ಆರಂಭಿಸಿ. ಮಕ್ಕಳು ಬ್ಯುರೆಟ್ ಹಿಡಿದಿರುತ್ತಾರೆ, ಫೀನಾಲ್ಫ್‌ಥಲೀನ್ ಹಾಕಿರುತ್ತಾರೆ, ಆದರೆ ಅದೇ ಸೂಚಕ ಏಕೆ ಎಂದು ಕೇಳಿದರೆ ಬಾಯಿಪಾಠದ ಸಾಲು ಬರುತ್ತದೆ. ಆ ಪ್ರಶ್ನೆಯನ್ನು ಅವರೇ ಬಿಡಿಸುವಂತೆ ಮಾಡಬಹುದು.

ಯಂತ್ರದ ಬಳಿ ಹೋಗುವ ಮುಂಚೆ ಹಾಳೆಯ ಮೇಲೆ ಕೈಲೆಕ್ಕ ಮಾಡಿಸಿ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 25 ಮಿ.ಲೀ. ಇದೆ, ಬ್ಯುರೆಟ್ಟಿನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಇದೆ. 0, 10, 20, 24, 24.9, 25, 25.1 ಮಿ.ಲೀ. ಹಾಕಿದಾಗ ಪಿಎಚ್ ಎಷ್ಟು? ಉತ್ತರಗಳು ಹೀಗೆ ಬರಬೇಕು: 1.00, 1.37, 1.95, 2.69, 3.70, 7.00, 10.30. ಹೆಚ್ಚಿನ ಮಕ್ಕಳು ತಪ್ಪುವುದು ಒಂದೇ ಕಡೆ: ಉಳಿದ ಆಮ್ಲವನ್ನು 25ರಿಂದ ಭಾಗಿಸುತ್ತಾರೆ, ಒಟ್ಟು ಗಾತ್ರ 35, 45, 49 ಆಗಿದೆ ಎಂಬುದನ್ನು ಮರೆಯುತ್ತಾರೆ. 24.9ರಿಂದ 25.1ಕ್ಕೆ ಹೋಗುವಾಗ, ಅಂದರೆ ನಾಲ್ಕೇ ಹನಿಗಳಲ್ಲಿ, ಪಿಎಚ್ 3.70ರಿಂದ 10.30ಕ್ಕೆ ನೆಗೆಯುವುದನ್ನು ಅವರೇ ಲೆಕ್ಕ ಹಾಕಿ ಕಂಡಾಗ ‘ಅಂತ್ಯಬಿಂದು’ ಎಂಬ ಪದಕ್ಕೆ ಜೀವ ಬರುತ್ತದೆ.

ಈಗ ಯಂತ್ರ. ಸಾಮಾನ್ಯವಾಗಿ ಎಲ್ಲರೂ ಹಾಕಿದ ಪ್ರತ್ಯಾಮ್ಲದ ಗಾತ್ರ ಕೊಟ್ಟು ಪಿಎಚ್ ಕಂಡುಹಿಡಿಯಲು ಹೊರಡುತ್ತಾರೆ. ಹಾಗೆ ಹೋದರೆ ಸಮಬಿಂದುವಿಗೆ (ಆಮ್ಲಕ್ಕೆ ಸರಿಸಮನಾಗಿ ಪ್ರತ್ಯಾಮ್ಲ ಬಿದ್ದ ಬಿಂದು) ಮೊದಲೊಂದು ಸೂತ್ರ, ಬಿಂದುವಿನಲ್ಲಿ ಒಂದು, ಅದರಾಚೆ ಇನ್ನೊಂದು ಬೇಕು. ದುರ್ಬಲ ಆಮ್ಲ ಬಂದರಂತೂ ಮಕ್ಕಳು ಸೋತುಹೋಗುತ್ತಾರೆ. ಲೆಕ್ಕವನ್ನು ತಿರುಗಿಸಿ ಹಾಕಿ: ಪಿಎಚ್ ಕೊಟ್ಟು, ಆ ಪಿಎಚ್ ಬರಲು ಎಷ್ಟು ಮಿ.ಲೀ. ಬೇಕಾಯಿತು ಎಂದು ಕೇಳಿ. ಆಗ ಮೊದಲಿನಿಂದ ಕೊನೆಯತನಕ ಒಂದೇ ಸೂತ್ರ ಸಾಕು.

ಎ ಕಾಲಂನಲ್ಲಿ ಪಿಎಚ್: ಎ2ರಲ್ಲಿ 1, ಕೆಳಗೆ 0.1ರ ಹೆಜ್ಜೆಯಲ್ಲಿ 12.5ರ ತನಕ. ಬಿ ಕಾಲಂನಲ್ಲಿ ಹೈಡ್ರೋಜನ್ ಅಯಾನಿನ ಸಾಂದ್ರತೆ: =10^(-ಎ2). ಸಿ ಕಾಲಂನಲ್ಲಿ ಆಮ್ಲದ ಎಷ್ಟು ಭಾಗ ಅಯಾನಾಗಿದೆ ಎಂಬುದು. ಅಸಿಟಿಕ್ ಆಮ್ಲದ ವಿಯೋಜನ ಸ್ಥಿರಾಂಕ 1.8 × 10⁻⁵ ಆದ್ದರಿಂದ =0.000018/(0.000018+ಬಿ2). ಹೈಡ್ರೋಕ್ಲೋರಿಕ್ ಆಮ್ಲಕ್ಕಾದರೆ ಇಲ್ಲಿ ನೇರವಾಗಿ 1. ಡಿ ಕಾಲಂನಲ್ಲಿ ಹೈಡ್ರೋಜನ್ ಅಯಾನಿನಿಂದ ಹೈಡ್ರಾಕ್ಸೈಡ್ ಅಯಾನನ್ನು ಕಳೆದದ್ದು: =ಬಿ2-(10^(-14))/ಬಿ2. ಇ ಕಾಲಂನಲ್ಲಿ ಬೇಕಾದ ಗಾತ್ರ: =25*(0.1*ಸಿ2-ಡಿ2)/(0.1+ಡಿ2). ಕಾಲಂ ಹೆಸರುಗಳನ್ನು ಟೈಪಿಸುವಾಗ ಕೀಲಿಮಣೆಯ ಇಂಗ್ಲಿಷ್ ಅಕ್ಷರಗಳೇ ಬೇಕು. ಕನ್ನಡ ಕೀಲಿವಿನ್ಯಾಸ ಚಾಲೂ ಇದ್ದರೆ ಸೂತ್ರ ಕೆಲಸ ಮಾಡುವುದಿಲ್ಲ. ಈ ಇ ಕಾಲಂನ ಸೂತ್ರ ಎಲ್ಲಿಂದ ಬಂತು ಎಂಬುದನ್ನು ಕಪ್ಪುಹಲಗೆಯ ಮೇಲೆ ಮೂರು ಸಾಲಿನಲ್ಲಿ ತೋರಿಸಬಹುದು: ದ್ರಾವಣದಲ್ಲಿ ಧನ ಆವೇಶವೂ ಋಣ ಆವೇಶವೂ ಸಮ. ಸೋಡಿಯಂ ಮತ್ತು ಹೈಡ್ರೋಜನ್ ಒಂದು ಕಡೆ, ಅಸಿಟೇಟ್ ಮತ್ತು ಹೈಡ್ರಾಕ್ಸೈಡ್ ಇನ್ನೊಂದು ಕಡೆ. ಅಷ್ಟೇ.

ಇಲ್ಲಿ ಎಡವುವ ಜಾಗಗಳು ಮೂರು. ಅಸಿಟಿಕ್ ಆಮ್ಲದ ಹಾಳೆಯಲ್ಲಿ ಪಿಎಚ್ 2.8ರ ತನಕ ಗಾತ್ರ ಋಣಸಂಖ್ಯೆಯಾಗಿ ಬರುತ್ತದೆ. ಅದು ಲೆಕ್ಕದ ತಪ್ಪಲ್ಲ. 0.1 ಮೋಲಾರ್ ಅಸಿಟಿಕ್ ಆಮ್ಲದ ಪಿಎಚ್ ತಾನಾಗಿಯೇ ಸುಮಾರು 2.9, ಅದಕ್ಕಿಂತ ಕೆಳಗೆ ಅದು ಇರಲಾರದು ಎಂಬುದನ್ನೇ ಹಾಳೆ ಹೇಳುತ್ತಿದೆ. ಆ ಸಾಲುಗಳನ್ನು ಅಳಿಸುವ ಮೊದಲು ‘ಋಣ ಏಕೆ ಬಂತು?’ ಎಂದು ಕೇಳಿ, ಐದು ನಿಮಿಷ ಬಿಟ್ಟುಬಿಡಿ. ಎರಡನೆಯದು ಮೇಲ್ತುದಿಯಲ್ಲಿದೆ. ಪಿಎಚ್ 13ರ ತನಕ ಎಳೆದರೆ ಛೇದ ಸೊನ್ನೆಯ ಹತ್ತಿರ ಹೋಗಿ, ಒಂದೋ ದೋಷದ ಸಂದೇಶ, ಇಲ್ಲವೇ ಅರ್ಥವಿಲ್ಲದ ಭಾರಿ ಸಂಖ್ಯೆ ಬಂದು ನಕ್ಷೆಯೆಲ್ಲ ಕುಗ್ಗಿ ಒಂದು ಗೆರೆಯಾಗುತ್ತದೆ. 0.1 ಮೋಲಾರ್ ಪ್ರತ್ಯಾಮ್ಲವನ್ನು ಎಷ್ಟೇ ಸುರಿದರೂ ಪಿಎಚ್ 13 ಮುಟ್ಟದು ಎಂಬುದು ಅದರ ಅರ್ಥ. ಮೂರನೆಯದು ಎಲ್ಲರೂ ಮಾಡುವ ತಪ್ಪು: ನಕ್ಷೆ ಬರೆಯುವಾಗ ‘ಲೈನ್’ ಆರಿಸುವುದು. ಲೈನ್ ನಕ್ಷೆ ಅಡ್ಡಕ್ಷದ ಸಂಖ್ಯೆಗಳನ್ನು ಬರೀ ಹೆಸರುಗಳೆಂದು ತಿಳಿದು ಸಮದೂರದಲ್ಲಿ ಜೋಡಿಸುತ್ತದೆ, ವಕ್ರರೇಖೆಯ ಆಕಾರವೇ ಹಾಳಾಗುತ್ತದೆ. ‘ಎಕ್ಸ್‌ವೈ ಸ್ಕ್ಯಾಟರ್’ ಆರಿಸಿ, ಅಡ್ಡಕ್ಷಕ್ಕೆ ಇ ಕಾಲಂ, ಲಂಬಾಕ್ಷಕ್ಕೆ ಎ ಕಾಲಂ ಕೊಡಬೇಕು.

ಈಗ ಸೂಚಕದ ಪ್ರಶ್ನೆಗೆ ಬನ್ನಿ. ಮೀಥೈಲ್ ಆರೆಂಜ್ ಬಣ್ಣ ಬದಲಿಸುವುದು ಪಿಎಚ್ 3.1ರಿಂದ 4.4ರ ನಡುವೆ. ಅಸಿಟಿಕ್ ಆಮ್ಲದ ಹಾಳೆಯಲ್ಲಿ ಆ ಎರಡು ಸಾಲುಗಳನ್ನು ಹುಡುಕಿಸಿ: 3.1ಕ್ಕೆ 0.35 ಮಿ.ಲೀ., 4.4ಕ್ಕೆ 7.8 ಮಿ.ಲೀ. ಅಂದರೆ ಸಮಬಿಂದು 25ರಲ್ಲಿದ್ದರೆ ಮೀಥೈಲ್ ಆರೆಂಜ್ ಅರ್ಧ ಮಿ.ಲೀ. ಆಗುವುದರೊಳಗೆ ಬಣ್ಣ ಬದಲಿಸಲು ಶುರು ಮಾಡಿ ಎಂಟು ತುಂಬುವ ಮುಂಚೆ ಮುಗಿಸಿಬಿಟ್ಟಿರುತ್ತದೆ. ಅದೇ ಫೀನಾಲ್ಫ್‌ಥಲೀನ್ 8.2ರಿಂದ 10ಕ್ಕೆ: 24.99ರಿಂದ 25.05. ಇಡೀ ಬಣ್ಣ ಬದಲಾವಣೆ ಹೆಚ್ಚುಕಡಿಮೆ ಒಂದು ಹನಿಯ ಮಾತು. ಹೈಡ್ರೋಕ್ಲೋರಿಕ್ ಆಮ್ಲದ ಹಾಳೆಯಲ್ಲಿ ಮೀಥೈಲ್ ಆರೆಂಜ್ 24.98ಕ್ಕೆ ಮುಗಿಯುತ್ತದೆ, ಹಾಗಾಗಿ ಅಲ್ಲಿ ಅದೂ ನಡೆಯುತ್ತದೆ. ಪಠ್ಯದ ಕೋಷ್ಟಕವನ್ನು ಉರುಹೊಡೆದ ವಿದ್ಯಾರ್ಥಿಗೂ ಈ ಸಂಖ್ಯೆಗಳನ್ನು ತಾನೇ ಹುಡುಕಿದ ವಿದ್ಯಾರ್ಥಿಗೂ ಇರುವ ಅಂತರ ವೈವಾದಲ್ಲಿ ತಕ್ಷಣ ಗೊತ್ತಾಗುತ್ತದೆ.

ಇಲ್ಲಿಗೇ ನಿಲ್ಲಿಸದೆ ಮರುವಾರ ಲ್ಯಾಬಿನಲ್ಲಿ ಪರೀಕ್ಷಿಸಿ. ಗ್ಲೇಷಿಯಲ್ ಅಸಿಟಿಕ್ ಆಮ್ಲ ಸುಮಾರು 17.4 ಮೋಲಾರ್. ಅದನ್ನು 2.9 ಮಿ.ಲೀ. ಅಳೆದು, ಗಾಳಿಯಾಡುವ ಕಡೆ ನೀರಿಗೆ ಹಾಕಿ 500 ಮಿ.ಲೀ. ಮಾಡಿದರೆ 0.1 ಮೋಲಾರ್. ಅದನ್ನು ಮಕ್ಕಳ ಕೈಗೆ ಕೊಡದೆ ನೀವೇ ತಯಾರಿಸಿ. ಸೋಡಿಯಂ ಹೈಡ್ರಾಕ್ಸೈಡ್ 2 ಗ್ರಾಂ ತೂಗಿ 500 ಮಿ.ಲೀ. ಮಾಡಿ. ತೂಗುವಷ್ಟರಲ್ಲೇ ಅದು ಗಾಳಿಯ ತೇವ ಹೀರುವುದರಿಂದ ಸರಿಯಾಗಿ 0.1 ಎಂದೂ ಬರುವುದಿಲ್ಲ. 1.575 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳನ್ನು 250 ಮಿ.ಲೀ. ಮಾಡಿದ 0.05 ಮೋಲಾರ್ ದ್ರಾವಣದ ಎದುರು ಅದರ ನಿಜವಾದ ಸಾಂದ್ರತೆ ತೆಗೆಯಿರಿ. 0.095 ಬಂತೆನ್ನಿ. ಹಾಳೆಯ ಇ ಕಾಲಂನಲ್ಲಿ ಛೇದದ 0.1 ತೆಗೆದು 0.095 ಹಾಕಿದರೆ ಸಮಬಿಂದು 26.3ಕ್ಕೆ ಸರಿಯುತ್ತದೆ. ಈಗ ಒಂದು ಫ್ಲಾಸ್ಕಿಗೆ ಫೀನಾಲ್ಫ್‌ಥಲೀನ್, ಇನ್ನೊಂದಕ್ಕೆ ಮೀಥೈಲ್ ಆರೆಂಜ್ ಹಾಕಿ ಟೈಟ್ರೇಟ್ ಮಾಡಿಸಿ. ಮೀಥೈಲ್ ಆರೆಂಜಿನ ಫ್ಲಾಸ್ಕಿನಲ್ಲಿ ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗಿ ಏಳೆಂಟು ಮಿ.ಲೀ. ಉದ್ದಕ್ಕೂ ಎಳೆದಾಡುತ್ತದೆ, ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು. ಹಾಳೆ ಹೇಳಿದ್ದು ಫ್ಲಾಸ್ಕಿನಲ್ಲಿ ಕಂಡ ಮೇಲೆ ಮಕ್ಕಳು ಎರಡನ್ನೂ ನಂಬುತ್ತಾರೆ.

ಇದೇ ಹಾಳೆಯ ಪಾಠ ದ್ವಿತೀಯ ಪಿಯುಸಿಯ ರಾಸಾಯನಿಕ ಚಲನಶಾಸ್ತ್ರಕ್ಕೂ ಬರುತ್ತದೆ. ಸೋಡಿಯಂ ಥಯೋಸಲ್ಫೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಪ್ರಯೋಗ ನಿಮಗೆ ಗೊತ್ತೇ ಇದೆ: ಐದು ಫ್ಲಾಸ್ಕುಗಳಲ್ಲಿ 0.1 ಮೋಲಾರ್ ಥಯೋಸಲ್ಫೇಟ್ 10, 20, 30, 40, 50 ಮಿ.ಲೀ., ನೀರು ಸೇರಿಸಿ ಎಲ್ಲವೂ 50 ಮಿ.ಲೀ., ಪ್ರತಿಯೊಂದಕ್ಕೂ 1 ಮೋಲಾರ್ ಆಮ್ಲ 10 ಮಿ.ಲೀ., ಕೆಳಗಿನ ಕಾಗದದ ಗುರುತು ಗಂಧಕದ ಮಬ್ಬಿನಲ್ಲಿ ಮರೆಯಾಗುವ ತನಕದ ಸಮಯ. ರೀಡಿಂಗುಗಳನ್ನು ಹಾಳೆಗೆ ಹಾಕಿ ಮೊದಲು ಸಮಯ–ಗಾತ್ರದ ನಕ್ಷೆ ಬರೆಸಿ. ವಕ್ರರೇಖೆ ಬರುತ್ತದೆ, ಏನೂ ಹೊಳೆಯುವುದಿಲ್ಲ. ಪಕ್ಕದ ಕಾಲಂನಲ್ಲಿ ಒಂದನ್ನು ಸಮಯದಿಂದ ಭಾಗಿಸಿ ಮತ್ತೆ ಬರೆಸಿ, ಸರಳರೇಖೆ ಬರುತ್ತದೆ. ಬಿಂದುಗಳ ಮೇಲೆ ಬಲ ಗುಂಡಿ ಒತ್ತಿ ‘ಟ್ರೆಂಡ್ ಲೈನ್’ ಸೇರಿಸಿ, ಸಮೀಕರಣ ತೋರಿಸುವ ಆಯ್ಕೆಗೆ ಗುರುತು ಹಾಕಿ. ಒಂದು ಬಿಂದು ರೇಖೆಯಿಂದ ಆಚೆ ಬಿದ್ದಿದ್ದರೆ ಅದನ್ನು ಅಳಿಸಲು ಬಿಡಬೇಡಿ, ಕಾರಣ ಹುಡುಕಿಸಿ. ಸಾಮಾನ್ಯವಾಗಿ ಹಿಂದಿನ ಗಂಧಕ ತೊಳೆಯದ ಫ್ಲಾಸ್ಕು, ಅಳತೆ ಬೇರೆಯಾದ ಫ್ಲಾಸ್ಕು (ದ್ರಾವಣದ ಆಳ ಬದಲಾದರೆ ಗುರುತು ಮರೆಯಾಗುವ ಸಮಯವೂ ಬದಲಾಗುತ್ತದೆ), ಇಲ್ಲವೇ ನೋಡುವ ಕಣ್ಣು ಬದಲಾಗಿದ್ದು. ಒಂದು ತಂಡದಲ್ಲಿ ಐದೂ ರೀಡಿಂಗನ್ನು ಒಬ್ಬರೇ ನೋಡಲಿ. ಗಂಧಕದ ಡೈಆಕ್ಸೈಡ್ ಬರುವುದರಿಂದ ಕಿಟಕಿಗಳು ತೆರೆದಿರಲಿ.

ಮೊದಲ ದರ್ಜೆಯ ಕ್ರಿಯೆಗಳ ಲೆಕ್ಕಕ್ಕೆ ಬಂದಾಗ ಒಂದು ಎಚ್ಚರಿಕೆ: ಕ್ಯಾಲ್ಕ್‌ನಲ್ಲಿ ‘ಎಲ್‌ಎನ್’ ಎಂದರೆ ಸ್ವಾಭಾವಿಕ ಲಾಗರಿದಮ್, ‘ಲಾಗ್10’ ಎಂದರೆ ಹತ್ತರ ಆಧಾರದ್ದು. ಒಂದನ್ನು ಹಾಕಿ ಇನ್ನೊಂದರ ಇಳಿಜಾರಿನ ಸೂತ್ರ ಬಳಸಿದರೆ ವೇಗ ಸ್ಥಿರಾಂಕ 2.303 ಪಟ್ಟು ತಪ್ಪುತ್ತದೆ. ಉತ್ತರ ತಪ್ಪಿದಾಗ ಮೊದಲು ಇಲ್ಲೇ ಹುಡುಕಿ.

ಇನ್ನು ಅಣುಗಳು. ಇದಕ್ಕೆ ಅವೊಗಾಡ್ರೊ ಎಂಬ ಮುಕ್ತ ತಂತ್ರಾಂಶ ಸಾಕು. ಹಳೆಯ ಯಂತ್ರಗಳಿಗೆ ಅದರ 1.2 ಆವೃತ್ತಿ ಹಗುರ. ಪರದೆ ಕಪ್ಪಾಗಿಯೇ ಉಳಿದರೆ ತೊಂದರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರಿನದು, ತಂತ್ರಾಂಶದ್ದಲ್ಲ. ಪೆನ್ಸಿಲ್ ಗುರುತಿನ ಉಪಕರಣ ಹಿಡಿದು, ಹೈಡ್ರೋಜನ್ ತಾನಾಗಿ ಸೇರುವ ಆಯ್ಕೆ ಇಟ್ಟು, ಇಂಗಾಲ ಆರಿಸಿ ಖಾಲಿ ಜಾಗದಲ್ಲಿ ಒಮ್ಮೆ ಒತ್ತಿದರೆ ಮೀಥೇನ್. ಸಾರಜನಕ ಆರಿಸಿದರೆ ಅಮೋನಿಯ, ಆಮ್ಲಜನಕ ಆರಿಸಿದರೆ ನೀರು. ಬರೆದ ಕೂಡಲೇ ಅಳೆಯಬಾರದು. ಆಗ ಇರುವುದು ಕಚ್ಚಾ ರೂಪ. ‘ಎಕ್ಸ್‌ಟೆನ್ಶನ್ಸ್’ ಪಟ್ಟಿಯಲ್ಲಿ ‘ಆಪ್ಟಿಮೈಜ್ ಜಿಯೊಮೆಟ್ರಿ’ ಒತ್ತಿ, ಆಮೇಲೆ ಅಳತೆಯ ಉಪಕರಣದಿಂದ ಮೂರು ಪರಮಾಣುಗಳನ್ನು ಸಾಲಾಗಿ ಒತ್ತಿದರೆ ಬಂಧಕೋನ. ಮೀಥೇನಿಗೆ 109.5 ಡಿಗ್ರಿ, ಅಮೋನಿಯಕ್ಕೆ 107ರ ಆಸುಪಾಸು, ನೀರಿಗೆ 104ರ ಆಸುಪಾಸು ಬರುತ್ತದೆ. ಉದ್ದಗಳು ಆಂಗ್‌ಸ್ಟ್ರಾಮಿನಲ್ಲಿ ಕಾಣುತ್ತವೆ. ಪಠ್ಯದಲ್ಲಿರುವುದು ಪಿಕೊಮೀಟರ್, ನೂರರಿಂದ ಗುಣಿಸಬೇಕು.

ಇಲ್ಲಿ ಒಂದು ಮಾತನ್ನು ಮಕ್ಕಳಿಗೆ ಖಂಡಿತವಾಗಿ ಹೇಳಬೇಕು. ಅವೊಗಾಡ್ರೊ ಈ ಕೋನವನ್ನು ಕಂಡುಹಿಡಿದಿಲ್ಲ. ಅದು ಬಳಸುವ ‘ಫೋರ್ಸ್ ಫೀಲ್ಡ್’ ಎಂಬ ಲೆಕ್ಕದಲ್ಲಿ ಪರಮಾಣುಗಳು ಗುಂಡುಗಳು, ಬಂಧಗಳು ಸ್ಪ್ರಿಂಗುಗಳು. ಆ ಸ್ಪ್ರಿಂಗುಗಳ ಅಳತೆಗಳನ್ನು ಮೊದಲೇ ಪ್ರಯೋಗಗಳಿಂದ ಮತ್ತು ಕ್ವಾಂಟಂ ಲೆಕ್ಕಗಳಿಂದ ತುಂಬಿಟ್ಟಿರುತ್ತಾರೆ. ಅದರಲ್ಲಿ ಎಲೆಕ್ಟ್ರಾನುಗಳೇ ಇಲ್ಲ. ಹಾಗಾಗಿ ‘ಒಂಟಿ ಜೋಡಿಯ (ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ) ವಿಕರ್ಷಣೆಯನ್ನು ಕಂಪ್ಯೂಟರ್ ಸಾಬೀತು ಮಾಡಿತು’ ಎಂದು ಹೇಳುವಂತಿಲ್ಲ. ಎಲೆಕ್ಟ್ರಾನುಗಳನ್ನು ಇಟ್ಟುಕೊಂಡೇ ಲೆಕ್ಕ ಹಾಕುವ ವಿಧಾನಗಳು ಬೇರೆ ಇವೆ. ಅವನ್ನು ಬೆಳೆಸಿದ್ದಕ್ಕಾಗಿಯೇ ಜಾನ್ ಪೋಪಲ್ ಮತ್ತು ವಾಲ್ಟರ್ ಕೋನ್ ಅವರಿಗೆ 1998ರ ರಸಾಯನಶಾಸ್ತ್ರದ ನೊಬೆಲ್ ಬಂತು. ಪದವಿ ತರಗತಿಗಳಲ್ಲಾದರೆ ಶಿಕ್ಷಣ ಸಂಸ್ಥೆಗಳಿಗೆ ಉಚಿತವಾಗಿ ಸಿಗುವ ಓರ್ಕಾದಂಥ ತಂತ್ರಾಂಶದಲ್ಲಿ ನೀರಿನ ಅಣುವಿನ ಲೆಕ್ಕವನ್ನು ಸಾಮಾನ್ಯ ಯಂತ್ರದಲ್ಲೇ ಮಾಡಿಸಬಹುದು. ಪಿಯುಸಿಗೆ ಅದು ಬೇಡ.

ಫಾಸ್ಫರಸ್ ಪೆಂಟಾಕ್ಲೋರೈಡ್ ಕಟ್ಟುವಾಗ ಹೈಡ್ರೋಜನ್ ಸೇರಿಸುವ ಆಯ್ಕೆಯನ್ನು ತೆಗೆಯಬೇಕು, ಇಲ್ಲವಾದರೆ ಬೇಡದ ಹೈಡ್ರೋಜನ್‌ಗಳು ಬಂದು ಕೂರುತ್ತವೆ. ‘ಎಂಎಂಎಫ್‌ಎಫ್94’ ಎಂಬ ಫೋರ್ಸ್ ಫೀಲ್ಡ್ ಸಾವಯವ ಅಣುಗಳಿಗೆ ಚೆನ್ನಾಗಿ ಹೊಂದುತ್ತದೆ, ಇಂಥ ಅಣುಗಳಿಗೆ ಕೈಕೊಡುತ್ತದೆ. ಅಲ್ಲಿ ‘ಯುಎಫ್‌ಎಫ್’ಗೆ ಬದಲಾಯಿಸಿ. ಆಗಲೂ ಅಕ್ಷೀಯ ಬಂಧ ಎಷ್ಟು ಉದ್ದ ಎಂಬುದಕ್ಕೆ ಪರದೆಯ ಸಂಖ್ಯೆ ನಂಬಬೇಡಿ, ಆಕಾರ ನೋಡಲು ಮಾತ್ರ ಬಳಸಿ. ಲೋಹಗಳ ಸಂಕೀರ್ಣಗಳಿಗೂ ಇದೇ ಮಾತು.

ಈಥೇನಿನ ವಿನ್ಯಾಸಗಳಿಗೆ (ಬಂಧದ ಸುತ್ತ ತಿರುಗಿದಾಗ ಅಣು ತಳೆಯುವ ರೂಪಗಳು) ಒಂದು ಪೀರಿಯಡ್ ಇಟ್ಟರೆ ಸಾರ್ಥಕ. ಈಥೇನ್ ಕಟ್ಟಿ, ಆಪ್ಟಿಮೈಜ್ ಮಾಡಿ, ಶಕ್ತಿಯ ಸಂಖ್ಯೆ ಬರೆದುಕೊಳ್ಳಲಿ. ಬಂಧ ತಿರುಗಿಸುವ ಉಪಕರಣದಿಂದ ಒಂದು ಮೀಥೈಲ್ ಗುಂಪನ್ನು 60 ಡಿಗ್ರಿ ತಿರುಗಿಸಿ ಮತ್ತೆ ಶಕ್ತಿ ಲೆಕ್ಕ ಹಾಕಲಿ. ಇನ್ನೊಮ್ಮೆ ಆಪ್ಟಿಮೈಜ್ ಒತ್ತಬಾರದು, ಒತ್ತಿದರೆ ಅಣು ಸರಕ್ಕನೆ ಹಳೆಯ ರೂಪಕ್ಕೆ ಜಾರಿ ವ್ಯತ್ಯಾಸವೇ ಸಿಗುವುದಿಲ್ಲ. ಎರಡರ ವ್ಯತ್ಯಾಸ ಪಠ್ಯದ 12.5 ಕಿಲೋಜೂಲಿನ ಹತ್ತಿರ ಬರಬೇಕು, ಸ್ವಲ್ಪ ಹೆಚ್ಚುಕಡಿಮೆ ಸಹಜ. ಒಂದೊಂದರ ಶಕ್ತಿಯ ಸಂಖ್ಯೆಗೆ ಪ್ರತ್ಯೇಕ ಅರ್ಥವಿಲ್ಲ, ಒಂದೇ ಫೋರ್ಸ್ ಫೀಲ್ಡಿನಲ್ಲಿ ಒಂದೇ ಅಣುವಿನ ಎರಡು ರೂಪಗಳ ವ್ಯತ್ಯಾಸಕ್ಕೆ ಮಾತ್ರ ಅರ್ಥ. ದ್ವಿತೀಯ ವರ್ಷದವರಿಗೆ 2-ಕ್ಲೋರೋಬ್ಯೂಟೇನ್ ಮತ್ತು ಅದರ ಪ್ರತಿಬಿಂಬವನ್ನು ಕಟ್ಟಿಸಿ, ಒಂದರ ಮೇಲೊಂದು ಕೂರಿಸಲು ಪ್ರಯತ್ನಿಸಲು ಹೇಳಿ. ಎಷ್ಟು ತಿರುಗಿಸಿದರೂ ಕೂರದಿದ್ದಾಗ ಕೈರಾಲಿಟಿಗೆ ಬೇರೆ ವಿವರಣೆ ಬೇಕಾಗದು.

ಸಿಮ್ಯುಲೇಶನ್‌ಗಳಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಒಳ್ಳೆಯದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅದನ್ನು ಶುರು ಮಾಡಿದರು. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಒಂದೊಂದನ್ನೂ ಒಂದು ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವಿನಿಂದ ಎಲ್ಲ ಯಂತ್ರಗಳಿಗೂ ಹಾಕಿದರೆ ಇಂಟರ್‌ನೆಟ್ ಬೇಡ, ಬ್ರೌಸರ್ ಮಾತ್ರ ಇತ್ತೀಚಿನದಿರಬೇಕು. ನಿಮ್ಮಲ್ಲಿ ಹಳೆಯ ಸಿ.ಡಿ.ಗಳಿದ್ದು ಅವು ತೆರೆಯುತ್ತಿಲ್ಲವಾದರೆ ಕಾರಣ ಫ್ಲ್ಯಾಶ್: 2020ರ ಕೊನೆಗೆ ಅದು ನಿಂತುಹೋಯಿತು, ಅದರ ಹಿಂದೆ ಬೀಳಬೇಡಿ. ಪ್ರಯೋಗಗಳಿಗೆ ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಮಾಡಿದ ಓಲ್ಯಾಬ್ಸ್ ಇದೆ. ಅದನ್ನು ಲ್ಯಾಬಿನ ಹಿಂದಿನ ದಿನದ ತಯಾರಿಗೆ ಬಳಸಿ, ಲ್ಯಾಬಿನ ಬದಲಿಗೆ ಎಂದೂ ಬೇಡ. ಪರದೆಯ ಬ್ಯುರೆಟ್ಟಿನಲ್ಲಿ ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ, ನಲ್ಲಿ ಸೋರುವುದಿಲ್ಲ, ಕಣ್ಣಿನ ಮಟ್ಟ ತಪ್ಪುವುದಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಹೋಗುವುದು ಇವುಗಳಿಂದಲೇ. ತಂತ್ರಾಂಶ ಕಲಿಯಲು ನಿಮಗೇ ಸಹಾಯ ಬೇಕಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಅವೊಗಾಡ್ರೊ ಮತ್ತು ಲಿಬ್ರೆಆಫೀಸ್ ಪಾಠಗಳಿವೆ.

ಯಂತ್ರಕ್ಕೆ ಇಬ್ಬರು ಕೂರಲಿ. ಇಪ್ಪತ್ತೆರಡು ಮಕ್ಕಳಿಗೆ ಹನ್ನೊಂದು ಯಂತ್ರ ಸಾಕು, ಹನ್ನೆರಡನೆಯದು ಕೆಟ್ಟವಕ್ಕೆ ಬದಲಿ. ಒಬ್ಬರು ಕೀಲಿಮಣೆ, ಒಬ್ಬರು ನೋಟ್‌ಬುಕ್, ಹದಿನೈದು ನಿಮಿಷಕ್ಕೆ ಅದಲುಬದಲು. ಇದನ್ನು ನೀವೇ ಗಡಿಯಾರ ನೋಡಿ ಹೇಳದಿದ್ದರೆ ಕಂಪ್ಯೂಟರ್ ಬಲ್ಲ ಹುಡುಗನೇ ಕೊನೆತನಕ ಮೌಸ್ ಹಿಡಿದಿರುತ್ತಾನೆ. ಪ್ರತಿ ಚಟುವಟಿಕೆಗೂ ಮುಂಚೆ ನೋಟ್‌ಬುಕ್ಕಿನಲ್ಲಿ ಊಹೆ ಬರೆಸಿ: ವಕ್ರರೇಖೆ ಹೇಗಿರುತ್ತದೆ, ಕೋನ ಹೆಚ್ಚೋ ಕಡಿಮೆಯೋ, ಕಾರಣವೇನು. ಪೆನ್ನಿನಲ್ಲೇ ಬರೆಯಲಿ, ಆಮೇಲೆ ಅಳಿಸುವಂತಿರಬಾರದು. ತಪ್ಪಾದ ಊಹೆಗೆ ಅಂಕ ಕಳೆಯಬೇಡಿ, ಊಹೆಗೂ ಫಲಿತಾಂಶಕ್ಕೂ ಏಕೆ ವ್ಯತ್ಯಾಸ ಬಂತು ಎಂದು ಬರೆದ ಸಾಲಿಗೆ ಅಂಕ ಕೊಡಿ. ಕರೆಂಟ್ ಹೋಗುವ ಊರಾದರೆ ಲಿಬ್ರೆಆಫೀಸಿನ ಆಯ್ಕೆಗಳಲ್ಲಿ ತಾನಾಗಿ ಉಳಿಸುವ ಅವಧಿಯನ್ನು 3 ನಿಮಿಷಕ್ಕೆ ಇಳಿಸಿ.

ವರ್ಕ್‌ಶೀಟುಗಳನ್ನು ಕನ್ನಡದಲ್ಲಿ ತಯಾರಿಸುವಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ ರಾಸಾಯನಿಕ ಸೂತ್ರದ ಇಂಗ್ಲಿಷ್ ಅಕ್ಷರಗಳೂ ಕನ್ನಡದ ಚೂರುಗಳಾಗಿ ಕಾಣುತ್ತವೆ, ಪ್ರತಿ ಸೂತ್ರಕ್ಕೂ ಫಾಂಟ್ ಬದಲಿಸಬೇಕಾಗುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಕೆಳಗಿನ ಅಂಕಿಗೆ ಕಂಟ್ರೋಲ್, ಶಿಫ್ಟ್ ಮತ್ತು ಬಿ ಒಟ್ಟಿಗೆ ಒತ್ತಿದರಾಯಿತು.

ಈ ವರ್ಷಕ್ಕೆ ಪ್ರಥಮ ಪಿಯುಸಿಗೆ ಟೈಟ್ರೇಶನ್ ಹಾಳೆ, ಬಂಧಕೋನ ಮತ್ತು ಈಥೇನ್, ದ್ವಿತೀಯಕ್ಕೆ ಥಯೋಸಲ್ಫೇಟ್ ಮತ್ತು ಕೈರಾಲಿಟಿ, ಇಷ್ಟೇ ಇಟ್ಟುಕೊಳ್ಳಿ. ಟೈಟ್ರೇಶನ್ ಹಾಳೆಗೆ ಎರಡು ಪೀರಿಯಡ್ ಬೇಕು, ಉಳಿದವಕ್ಕೆ ಒಂದೊಂದು. ಪ್ರತಿಯೊಂದನ್ನೂ ತರಗತಿಗೆ ಮುಂಚೆ ಆ ಹನ್ನೆರಡರಲ್ಲಿ ತೀರಾ ನಿಧಾನವಾದ ಯಂತ್ರದಲ್ಲಿ ನೀವೇ ಕೂತು ಕೊನೆತನಕ ಮಾಡಿ ನೋಡಿ.